ತಟ್ಟೆ ನಮ್ಮದು, ಹೊಟ್ಟೆ ಮಗುವಿನದು

ರಾತ್ರಿ ಎಂಟೂವರೆ. ಸ್ಟೀಲ್ ಚೊಂಬಿಗೆ ಒರಗಿಸಿಟ್ಟ ಮೊಬೈಲ್‌ನಲ್ಲಿ ಬಣ್ಣಬಣ್ಣದ ಬಸ್ಸು ಓಡುತ್ತಿದೆ. ಎರಡು ವರ್ಷದ ಮಗು ರೆಪ್ಪೆ ಬಡಿಯದೆ ನೋಡುತ್ತಿದೆ. ಅಮ್ಮ ಬೇಳೆಸಾರು ಕಲಸಿದ ಅನ್ನದ ತುತ್ತನ್ನು ತುಟಿಗೆ ತಾಗಿಸಿದರೆ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ತುತ್ತು ಒಳಗೆ ಹೋಗಿ ಕೆನ್ನೆಯ ಸಂದಿಯಲ್ಲಿ ಕೂರುತ್ತದೆ. ಮಗು ಅಗಿಯುವುದಿಲ್ಲ, ಉಗಿಯುವುದೂ ಇಲ್ಲ. "ನುಂಗು ಕಂದಾ, ನುಂಗು ನೋಡೋಣ." ವಿಡಿಯೊ ಮುಗಿದು ಜಾಹೀರಾತು ಬಂದ ಕೂಡಲೇ ಮಗುವಿಗೆ ಎಚ್ಚರವಾದಂತಾಗಿ, ಬಾಯಲ್ಲಿದ್ದುದೆಲ್ಲ ಅಮ್ಮನ ಅಂಗೈಗೆ ಬರುತ್ತದೆ. ಅರ್ಧ ಬಟ್ಟಲು ಅನ್ನಕ್ಕೆ 50 ನಿಮಿಷ ಹಿಡಿದಿದೆ.

"ನಮ್ಮ ಮಗು ಊಟಾನೇ ಮಾಡಲ್ಲ" ಎನ್ನುವ ತಾಯಂದಿರ ದನಿಯಲ್ಲಿ ದಣಿವೂ ಇರುತ್ತದೆ, ತಪ್ಪು ತನ್ನದೇ ಎಂಬ ಅಳುಕೂ ಇರುತ್ತದೆ. ಮದುವೆ ಮನೆಯಲ್ಲಿ ಯಾರೋ "ಯಾಕಮ್ಮ, ಮಗು ಸೊರಗಿ ಹೋಗಿದೆ?" ಅಂದರೆ ಆ ಅಳುಕು ಇಮ್ಮಡಿಯಾಗುತ್ತದೆ. ಆದರೆ ಅಂಥ ಮನೆಯಲ್ಲಿ ಮಗುವಿನ ಒಂದು ದಿನವನ್ನು ಗಂಟೆ ಗಂಟೆಗೂ ಬರೆದಿಟ್ಟು ನೋಡಿ. ಬಹಳಷ್ಟು ಸಲ ಕಾಣುವುದು ಇಷ್ಟೇ: ಊಟದ ಹೊತ್ತಿಗೆ ಆ ಮಗುವಿಗೆ ಹಸಿವು ಉಳಿದಿರುವುದಿಲ್ಲ.

ಮೊದಲು ಬೆಳವಣಿಗೆಯ ಲೆಕ್ಕ ನೋಡೋಣ. 3 ಕಿಲೊ ತೂಗಿ ಹುಟ್ಟಿದ ಮಗು ಐದು ತಿಂಗಳ ಆಸುಪಾಸಿನಲ್ಲಿ 6 ಕಿಲೊ ಆಗುತ್ತದೆ, ವರ್ಷ ತುಂಬುವಾಗ ಸುಮಾರು 9 ಕಿಲೊ. ಹೀಗೆ ಮೊದಲ ವರ್ಷದಲ್ಲಿ 6 ಕಿಲೊ ಏರಿದ ಮಗು ಎರಡನೇ ವರ್ಷದಲ್ಲಿ ಏರುವುದು ಎರಡು, ಎರಡೂವರೆ ಕಿಲೊ ಮಾತ್ರ. ಅಲ್ಲಿಂದ ಶಾಲೆ ಸೇರುವ ತನಕ ವರ್ಷಕ್ಕೆ ಸುಮಾರು 2 ಕಿಲೊ. ಬೆಳೆಯುವ ವೇಗ ಅರ್ಧಕ್ಕಿಂತ ಕೆಳಗಿಳಿದ ಮೇಲೆ ಹಸಿವೂ ಇಳಿಯಲೇಬೇಕು. ಮೊದಲ ಹುಟ್ಟುಹಬ್ಬ ಕಳೆದ ಮೇಲೆ "ಆವಾಗ ಚೆನ್ನಾಗಿ ತಿನ್ನುತ್ತಿತ್ತು, ಈಗ ಏನಾಯ್ತೋ" ಎಂಬ ಗಾಬರಿ ಮನೆಮನೆಯಲ್ಲೂ ಏಳುವುದು ಇದರಿಂದಲೇ. ಆಗಲೇ ದೃಷ್ಟಿ ತೆಗೆಸುತ್ತಾರೆ, ಹಸಿವಿಗೆ ಟಾನಿಕ್ ಕೇಳುತ್ತಾರೆ. ಊಟದ ಜಾಗಕ್ಕೆ ಮೊಬೈಲ್ ಬರುವುದೂ ಆ ತಿಂಗಳುಗಳಲ್ಲೇ.

ಇನ್ನು ದಿನದ ಲೆಕ್ಕ. ಬೆಳಿಗ್ಗೆ ಏಳಕ್ಕೆ ಬಾಟಲಿಯಲ್ಲಿ 200 ಮಿ.ಲೀ. ಹಾಲು, ಎರಡು ಚಮಚ ಸಕ್ಕರೆ. ಒಂಬತ್ತಕ್ಕೆ ಅರ್ಧ ಇಡ್ಲಿ. "ತಿಂಡಿ ಸರಿಯಾಗಿ ತಿನ್ನಲಿಲ್ಲ" ಎಂದು ಹತ್ತೂವರೆಗೆ ಎರಡು ಗ್ಲೂಕೋಸ್ ಬಿಸ್ಕತ್ತು. ಹನ್ನೆರಡಕ್ಕೆ ನಿದ್ದೆ ಬರಲಿ ಎಂದು ಮತ್ತೆ 200 ಮಿ.ಲೀ. ಎದ್ದ ಮೇಲೆ ಅನ್ನ ಕಲಸಿಕೊಂಡು ಕೂತರೆ ನಾಲ್ಕು ತುತ್ತು. ಸಂಜೆ ಇನ್ನೆರಡು ಬಿಸ್ಕತ್ತು, ಅಪ್ಪ ಬರುವಾಗ ತಂದ ಪುಟ್ಟ ಪ್ಯಾಕೆಟ್ ಜ್ಯೂಸ್. ರಾತ್ರಿ ಮೇಲೆ ಹೇಳಿದ ಮೊಬೈಲ್ ಊಟ. ಮಲಗುವಾಗ "ಪಾಪ, ಬರೀ ಹೊಟ್ಟೆ" ಎಂದು ಮತ್ತೆ 200 ಮಿ.ಲೀ.

600 ಮಿ.ಲೀ. ಟೋನ್ಡ್ ಹಾಲಿನಿಂದ ಸುಮಾರು 350 ಕ್ಯಾಲರಿ. ಆರು ಚಮಚ ಸಕ್ಕರೆಯಿಂದ 120. ನಾಲ್ಕು ಬಿಸ್ಕತ್ತಿಗೆ 90ರ ಹತ್ತಿರ, ಜ್ಯೂಸಿಗೆ 70. ಒಟ್ಟು 630. ಈ ವಯಸ್ಸಿನ ಮಗುವಿಗೆ ದಿನಕ್ಕೆ ಬೇಕಾಗುವುದು ಹೆಚ್ಚುಕಡಿಮೆ 1000. "ಏನೂ ತಿನ್ನದ" ಮಗುವಿನ ಹೊಟ್ಟೆಗೆ ಮೂರರಲ್ಲಿ ಎರಡು ಪಾಲಿನಷ್ಟು ಆಗಲೇ ಸೇರಿದೆ, ಅದೂ ಅಗಿಯುವ ಕೆಲಸವೇ ಇಲ್ಲದೆ. ಅರ್ಧ ಇಡ್ಲಿ, ನಾಲ್ಕು ತುತ್ತು, ಅರ್ಧ ಬಟ್ಟಲು ಅನ್ನ: ಉಳಿದ ಜಾಗ ಅಷ್ಟೇ, ಮಗು ತುಂಬಿಸಿಕೊಂಡಿದ್ದೂ ಅಷ್ಟೇ. ಅದರ ಲೆಕ್ಕ ಸರಿಯಾಗಿದೆ.

ಹಾಲನ್ನು ಬೈಯುವುದು ಇಲ್ಲಿನ ಉದ್ದೇಶವಲ್ಲ. ವರ್ಷ ದಾಟಿದ ಮಗುವಿಗೆ ಮೊಸರು, ಮಜ್ಜಿಗೆ ಎಲ್ಲ ಸೇರಿ ದಿನಕ್ಕೆ 400ರಿಂದ 500 ಮಿ.ಲೀ. ಹಾಲು ಒಳ್ಳೆಯದೇ. ಅದಕ್ಕಿಂತ ಮೇಲೆ ಹೋದಾಗ ತೊಂದರೆ. ಹಾಲಿನಲ್ಲಿ ಕಬ್ಬಿಣಾಂಶ ಇಲ್ಲವೆನ್ನುವಷ್ಟು ಕಡಿಮೆ. ಅದರಲ್ಲಿರುವ ಕ್ಯಾಲ್ಸಿಯಂ, ಬೇರೆ ಆಹಾರದ ಕಬ್ಬಿಣಾಂಶವನ್ನು ಕರುಳು ಹೀರಿಕೊಳ್ಳುವುದಕ್ಕೂ ಅಡ್ಡ ಬರುತ್ತದೆ. ಹಾಲು ಕುಡಿದೇ ಹೊಟ್ಟೆ ತುಂಬಿದ ಮಗು ಬೇಳೆ, ಸೊಪ್ಪು, ಮೊಟ್ಟೆ ಮುಟ್ಟುವುದಿಲ್ಲ, ರಕ್ತಹೀನತೆ ಬರುತ್ತದೆ, ರಕ್ತಹೀನತೆಯಿಂದ ಹಸಿವು ಇನ್ನೂ ಕುಗ್ಗುತ್ತದೆ, ಹಸಿವಿಲ್ಲದ ಮಗುವಿಗೆ "ಹಾಲಾದರೂ ಕುಡೀಲಿ" ಎಂದು ಇನ್ನೊಂದು ಬಾಟಲಿ. ನಾರು ಇಲ್ಲದ ಹೊಟ್ಟೆ ಕಟ್ಟುತ್ತದೆ, ಮಲಬದ್ಧತೆ ಇರುವ ಮಗುವಿಗೂ ಊಟ ಬೇಡ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 6 ತಿಂಗಳಿನಿಂದ 5 ವರ್ಷದೊಳಗಿನ ನಮ್ಮ ದೇಶದ ಮಕ್ಕಳಲ್ಲಿ ಶೇ 67 ಮಂದಿಗೆ ರಕ್ತಹೀನತೆ ಇದೆ. ಬಳಪ ತಿನ್ನುವ, ಗೋಡೆಯ ಸುಣ್ಣ ಕೆರೆದು ನೆಕ್ಕುವ, ಮಣ್ಣು ಬಾಯಿಗೆ ಹಾಕಿಕೊಳ್ಳುವ ಮಗುವನ್ನು ಗದರುವ ಮುಂಚೆ ಹಿಮೋಗ್ಲೋಬಿನ್ ನೋಡಿಸಬೇಕು. 11ಕ್ಕಿಂತ ಕಡಿಮೆ ಇದ್ದರೆ ವೈದ್ಯರು ಸಿರಪ್ ಕೊಡುತ್ತಾರೆ. ಕಬ್ಬಿಣದ ಕೊರತೆ ತುಂಬುತ್ತ ಬಂದ ಹಾಗೆ ಬಳಪದ ಚಟವೂ ಸಾಮಾನ್ಯವಾಗಿ ಬಿಡುತ್ತದೆ, ಹಸಿವೂ ಮರಳುತ್ತದೆ. ಅಂಗನವಾಡಿ, ಆಶಾ ಕಾರ್ಯಕರ್ತೆಯರ ಮೂಲಕ ಸಿಗುವ ಕಬ್ಬಿಣಾಂಶದ ಸಿರಪ್ (ವಾರಕ್ಕೆ 2 ಸಲ, 1 ಮಿ.ಲೀ.) ಮತ್ತು ಜಂತುಹುಳದ ಮಾತ್ರೆಯನ್ನು ಎಷ್ಟೋ ಮನೆಗಳಲ್ಲಿ ಕಪಾಟಿನಲ್ಲಿಟ್ಟು ಮರೆಯುತ್ತಾರೆ. ಮರೆಯಬೇಡಿ.

ಬಾಟಲಿ ಬಿಡಿಸುವುದು

ಒಂದೇ ದಿನ ಎಲ್ಲ ನಿಲ್ಲಿಸಿದರೆ ಮನೆಯವರ ಕೈಲೇ ತಡೆಯಲಾಗುವುದಿಲ್ಲ. ಮೂರನೇ ದಿನಕ್ಕೆ ಯಾರಾದರೊಬ್ಬರು ಸೋತು ಬಾಟಲಿ ತೆಗೆಯುತ್ತಾರೆ. "ಮೂರು ದಿನ ಅತ್ತರೆ ಸಿಗುತ್ತದೆ" ಎಂಬುದನ್ನು ಮಾತ್ರ ಮಗು ಕಲಿಯುತ್ತದೆ. ಹಂತ ಹಂತವಾಗಿ ಹೋಗುವುದೇ ಲೇಸು. ಮೊದಲು ಮಧ್ಯಾಹ್ನದ ಬಾಟಲಿ. ಎರಡು ದಿನಕ್ಕೊಮ್ಮೆ 30 ಮಿ.ಲೀ. ಕಡಿಮೆ ಮಾಡುತ್ತ ಬಂದರೆ ಎರಡು ವಾರದಲ್ಲಿ ಅದು ತಾನಾಗಿ ಹೋಗುತ್ತದೆ. ಆ ಜಾಗಕ್ಕೆ ನಿದ್ದೆಗೆ ಮುಂಚೆಯೇ ಊಟ ಬರಲಿ, ಹನ್ನೆರಡಕ್ಕೇ ಅನ್ನ ಕೊಟ್ಟರೆ ತಪ್ಪಿಲ್ಲ. ಸಕ್ಕರೆಯನ್ನು ಎರಡು ಚಮಚದಿಂದ ಒಂದೂವರೆ, ಒಂದು, ಅರ್ಧ ಎಂದು ಇಳಿಸಿ. ಬೆಳಗಿನ ಹಾಲು ತಿಂಡಿಗೆ ಮುಂಚೆ ಬೇಡ, ತಿಂಡಿಯ ಜೊತೆಗೋ ಆಮೇಲೋ ಲೋಟದಲ್ಲಿ ಕೊಡಿ. ರಾತ್ರಿಯ ಬಾಟಲಿಯನ್ನು ಕೊನೆಗೆ ಇಟ್ಟುಕೊಳ್ಳಿ, ಅದೇ ಕಷ್ಟದ್ದು. ಬಾಯಲ್ಲಿ ಹಾಲಿಟ್ಟುಕೊಂಡು ನಿದ್ದೆ ಹೋಗುವ ಮಕ್ಕಳ ಮೇಲಿನ ಮುಂಭಾಗದ ಹಲ್ಲು ಮೊದಲು ಹುಳುಕಾಗುತ್ತದೆ, ಹಲ್ಲು ನೋಯುವ ಮಗು ಅಗಿಯುವುದಿಲ್ಲ. ಆ ಹಾಲನ್ನು ಊಟ ಮುಗಿದ ಕೂಡಲೇ ಲೋಟದಲ್ಲಿ ಕೊಟ್ಟು, ಬಾಯಿ ತೊಳೆಸಿ, ಆಮೇಲೆ ಮಲಗಿಸಿ.

ಎರಡು ಊಟದ ನಡುವೆ ಎರಡೂವರೆಯಿಂದ ಮೂರು ಗಂಟೆ ನೀರು ಬಿಟ್ಟು ಬೇರೇನೂ ಬೇಡ. ಬೆಳಿಗ್ಗೆ ಎಂಟಕ್ಕೆ ತಿಂಡಿ, ಹತ್ತೂವರೆಗೆ ಹಣ್ಣು, ಒಂದಕ್ಕೆ ಊಟ, ನಾಲ್ಕಕ್ಕೆ ಏನಾದರೂ ಚಿಕ್ಕದು, ಏಳಕ್ಕೆ ರಾತ್ರಿ ಊಟ. ದಿನಕ್ಕೆ ಐದು ಸಲ ತಟ್ಟೆ ಬರುತ್ತದೆ ಎಂಬುದು ಮಗುವಿಗೆ ಗೊತ್ತಾಗಬೇಕು. ಒಂದು ಹೊತ್ತು ತಿನ್ನದಿದ್ದರೂ ಮೂರು ಗಂಟೆಯಲ್ಲಿ ಮುಂದಿನದು ಬರುತ್ತದೆ, ಯಾವ ಆರೋಗ್ಯವಂತ ಮಗುವೂ ಅಷ್ಟರಲ್ಲಿ ಬಳಲುವುದಿಲ್ಲ. ನಡುವೆ ಕೇಳಿದರೆ, "ಹಸಿವಾಯ್ತಾ? ಹಣ್ಣು ಕೊಡುವ ಹೊತ್ತು ಬಂತು, ಈ ಗೊಂಬೆ ಎತ್ತಿಟ್ಟು ಬಾ" ಎಂದು ಸಮಾಧಾನವಾಗಿ ಹೇಳಿದರೆ ಸಾಕು. ಬಿಸ್ಕತ್ತಿನ ಡಬ್ಬಿ ಮಗುವಿನ ಕಣ್ಣಿಗೆ ಬೀಳದ ಜಾಗದಲ್ಲಿರಲಿ. ಮನೆಗೇ ತರದಿದ್ದರೆ ಇನ್ನೂ ಸುಲಭ.

ಯಾರ ಕೆಲಸ ಯಾರದು

ಅಮೆರಿಕದ ಆಹಾರತಜ್ಞೆ ಎಲಿನ್ ಸ್ಯಾಟರ್ 1980ರ ದಶಕದಲ್ಲಿ ಹೇಳಿದ ಒಂದು ಹಂಚಿಕೆ ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಏನು ಕೊಡಬೇಕು, ಯಾವಾಗ, ಎಲ್ಲಿ ಎಂಬುದು ದೊಡ್ಡವರ ಪಾಲು. ತಿನ್ನಬೇಕೋ ಬೇಡವೋ, ಎಷ್ಟು ತಿನ್ನಬೇಕು ಎಂಬುದು ಮಗುವಿನ ಪಾಲು. ನಮ್ಮ ಮನೆಗಳಲ್ಲಿ ಇದು ತಲೆಕೆಳಗಾಗಿರುತ್ತದೆ. ಏನು ಬೇಕೆಂದು ಮಗುವನ್ನು ಕೇಳುತ್ತೇವೆ ("ದೋಸೆ ಬೇಕಾ, ನೂಡಲ್ಸ್ ಮಾಡ್ಲಾ?"), ಎಷ್ಟು ಎಂಬುದನ್ನು ನಾವು ತೀರ್ಮಾನಿಸುತ್ತೇವೆ ("ಇನ್ನು ಐದೇ ತುತ್ತು").

ಮಗುವಿನ ಪಾಲನ್ನು ಮಗುವಿಗೇ ಬಿಟ್ಟರೆ ಏನಾಗುತ್ತದೆ ಎಂದು ಕ್ಲಾರಾ ಡೇವಿಸ್ ಎಂಬ ವೈದ್ಯೆ ಅಮೆರಿಕದಲ್ಲಿ 1926ರಲ್ಲಿ ಪರೀಕ್ಷೆಗೆ ತೊಡಗಿದ್ದರು. ಆಗಷ್ಟೇ ಎದೆಹಾಲು ಬಿಡುತ್ತಿದ್ದ ಮಕ್ಕಳ ಮುಂದೆ ತಟ್ಟೆಯಲ್ಲಿ ಬಗೆಬಗೆಯ ಆಹಾರ ಬೇರೆ ಬೇರೆ ಬಟ್ಟಲಲ್ಲಿ ಬರುತ್ತಿತ್ತು: ಹಾಲು, ಧಾನ್ಯ, ಹಣ್ಣು, ತರಕಾರಿ, ಮೊಟ್ಟೆ, ಮಾಂಸ, ಈಲಿ (ಯಕೃತ್ತು). ಚಮಚ ಹಿಡಿದು ಪಕ್ಕದಲ್ಲಿ ಕೂತ ದಾದಿ, ಮಗು ಒಂದು ಬಟ್ಟಲಿಗೆ ಕೈ ಚಾಚುವ ತನಕ ಅಲ್ಲಾಡುವ ಹಾಗಿರಲಿಲ್ಲ, ಹೊಗಳುವ ಹಾಗೂ ಇರಲಿಲ್ಲ. ಒಂದು ಮಗು ಬೆಳಗಿನ ತಿಂಡಿಗೆ ಕಿತ್ತಳೆ ರಸ ಮತ್ತು ಈಲಿ ತಿಂದರೆ ಇನ್ನೊಂದು ರಾತ್ರಿ ಊಟಕ್ಕೆ ಹಲವು ಮೊಟ್ಟೆ, ಬಾಳೆಹಣ್ಣು, ಹಾಲು ಎನ್ನುತ್ತಿತ್ತು. ಒಂದೊಂದು ಹೊತ್ತು ನೋಡಿದರೆ ತಲೆಬುಡವಿಲ್ಲ. ತಿಂಗಳುಗಟ್ಟಲೆ ನೋಡಿದರೆ ಎಲ್ಲ ಮಕ್ಕಳೂ ಚೆನ್ನಾಗಿ ಬೆಳೆದಿದ್ದರು. ಆದರೆ ಡೇವಿಸ್ 1939ರಲ್ಲಿ ಫಲಿತಾಂಶ ಬರೆಯುವಾಗ ಗುಟ್ಟನ್ನೂ ಹೇಳಿದರು: ಗುಟ್ಟಿರುವುದು ಆಹಾರದ ಪಟ್ಟಿಯಲ್ಲಿ. ಸಕ್ಕರೆ ಹಾಕಿದ್ದು, ಡಬ್ಬಿಯಲ್ಲಿ ಬಂದದ್ದು ಆ ತಟ್ಟೆಯಲ್ಲಿ ಇರಲೇ ಇಲ್ಲ. ಮಗು ಯಾವುದಕ್ಕೆ ಕೈ ಚಾಚಿದರೂ ಅದು ಒಳ್ಳೆಯದೇ ಆಗಿತ್ತು. ಈ ಅರ್ಧ ಮಾತನ್ನು ಬಿಟ್ಟು "ಮಕ್ಕಳಿಗೆ ಏನು ಬೇಕೋ ಅವಕ್ಕೇ ಗೊತ್ತು" ಎಂದು ಚಿಪ್ಸ್ ಪ್ಯಾಕೆಟ್ ಮುಂದಿಟ್ಟರೆ ನಮ್ಮ ಪಾಲಿನ ಕೆಲಸವನ್ನು ಕೈಬಿಟ್ಟಂತೆ.

ಒತ್ತಾಯದಿಂದ ಆಗುವ ನಷ್ಟಕ್ಕೂ ಪುರಾವೆ ಇದೆ. 2006ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಪುಟ್ಟ ಮಕ್ಕಳಿಗೆ ಎರಡು ಬಗೆಯ ಸೂಪ್ ಕೊಟ್ಟು, ಒಂದಕ್ಕೆ ಮಾತ್ರ ದೊಡ್ಡವರು "ಸೂಪ್ ಮುಗಿಸು" ಎಂದು ಮತ್ತೆ ಮತ್ತೆ ಹೇಳುತ್ತಿದ್ದರು. ಒತ್ತಾಯವಿಲ್ಲದ ಸೂಪನ್ನು ಮಕ್ಕಳು ಹೆಚ್ಚು ಕುಡಿದರು. ಒತ್ತಾಯ ಮಾಡಿದ್ದರ ಬಗ್ಗೆ ಹೆಚ್ಚು ಗೊಣಗಿದರು. ಲಂಚದ ಕತೆಯೂ ಅಷ್ಟೆ. "ಪಲ್ಯ ತಿಂದರೆ ಚಾಕೊಲೇಟ್" ಎಂದಾಗ ಮಗು ಮನಸ್ಸಿನಲ್ಲಿ ಬರೆದುಕೊಳ್ಳುವುದು ಪಲ್ಯ ಎಂದರೆ ಕೂಲಿ, ಚಾಕೊಲೇಟ್ ಎಂದರೆ ಸಂಬಳ. ಮೊಬೈಲ್‌ನದು ಇನ್ನೊಂದು ಬಗೆ. ಕಣ್ಣು ತೆರೆಯ ಮೇಲಿದ್ದಾಗ ನಾಲಗೆ, ಹೊಟ್ಟೆ ಎರಡರ ಸುದ್ದಿಯೂ ಮಗುವಿಗೆ ತಲುಪುವುದಿಲ್ಲ. ಕೆಲವು ಮಕ್ಕಳು ಬೇಕಾದ್ದಕ್ಕಿಂತ ಹೆಚ್ಚು ನುಂಗುತ್ತಾರೆ, ಕೆಲವರು ನುಂಗುವುದನ್ನೇ ಮರೆಯುತ್ತಾರೆ. ತುತ್ತು ಕೆನ್ನೆಯಲ್ಲಿ ಕೂರುವುದು ಹೀಗೆ.

ಚಂದಮಾಮನನ್ನು ತೋರಿಸಿ ತುತ್ತಿಡುತ್ತಿದ್ದರಲ್ಲ, ಅದೂ ಗಮನ ಬೇರೆಡೆ ಸೆಳೆಯುವುದೇ ತಾನೆ ಎಂದು ಕೇಳಬಹುದು. ನಿಜ. ಆದರೆ ಅಲ್ಲಿ ಅಮ್ಮ ಮಾತಾಡುತ್ತಿದ್ದಳು, ಮಗು ಅವಳ ಮುಖ ನೋಡುತ್ತಿತ್ತು, ತಲೆ ತಿರುಗಿಸಿದರೆ ಅವಳಿಗೆ ಕಾಣುತ್ತಿತ್ತು. ಅದಕ್ಕಿಂತ ಒಳ್ಳೆಯದು ಕೈತುತ್ತು. ಬೇಸಿಗೆ ರಜೆಯಲ್ಲಿ ಅಜ್ಜಿ ದೊಡ್ಡ ಬೋಗುಣಿಯಲ್ಲಿ ಅನ್ನ, ಹುಳಿ, ತುಪ್ಪ ಕಲಸಿ, ಸುತ್ತ ಕೂತ ಆರೇಳು ಮಕ್ಕಳ ಅಂಗೈಗೆ ಸರದಿಯಂತೆ ಒಂದೊಂದು ತುತ್ತು ಇಡುತ್ತಾಳೆ. ಅದನ್ನು ಬಾಯಿಗೆ ಹಾಕಿಕೊಳ್ಳುವುದು ಮಗುವೇ. ಸರದಿ ಬರುವಷ್ಟರಲ್ಲಿ ಅಗಿದು ನುಂಗಲು ಹೊತ್ತಿರುತ್ತದೆ. ಪಕ್ಕದ ಅಣ್ಣ ಬದನೆಕಾಯಿ ತಿಂದದ್ದು ಕಣ್ಣಿಗೆ ಬೀಳುತ್ತದೆ. ಸಾಕಾದವರು ಎದ್ದು ಹೋಗುತ್ತಾರೆ, ಅಜ್ಜಿ ಹಿಂದೆ ಓಡುವುದಿಲ್ಲ. ತಜ್ಞರು ಇವತ್ತು ಹೇಳಿಕೊಡುವುದರಲ್ಲಿ ಬಹುಪಾಲು ಆ ಬೋಗುಣಿಯ ಸುತ್ತಲೇ ಇತ್ತು. ಮನೆಯಲ್ಲಿ ಒಂದೇ ಮಗು ಇದ್ದರೆ ವಾರಕ್ಕೊಂದು ದಿನ ನೆರೆಮನೆಯ ಮಕ್ಕಳನ್ನು ಕರೆದು ಕೂರಿಸಿ. ಅದೂ ಆಗದಿದ್ದರೆ ಅಪ್ಪ ಅಮ್ಮ ಇಬ್ಬರೂ ಅದೇ ಹೊತ್ತಿಗೆ, ಅದೇ ಊಟವನ್ನು, ಮಗುವಿನ ಎದುರು ಕೂತು ಉಣ್ಣಬೇಕು. ಮಗುವಿಗೆ ಮೊದಲು ತಿನ್ನಿಸಿ ನಾವು ಆಮೇಲೆ ಟಿವಿ ಮುಂದೆ ಉಂಡರೆ, ಊಟ ಹೇಗೆ ಮಾಡುವುದು ಎಂಬುದನ್ನು ಅದು ನೋಡುವುದೇ ಇಲ್ಲ.

ಆರನೇ ತಿಂಗಳಿನಿಂದ

ಇನ್ನೂ ಮೇಲೂಟ ಶುರು ಮಾಡದವರಿಗೆ ಈ ಭಾಗ. ಆರು ತಿಂಗಳು ತುಂಬುವ ತನಕ ಎದೆಹಾಲು ಮಾತ್ರ, ನೀರೂ ಬೇಡ. ಆಮೇಲೆ ಎದೆಹಾಲಿನ ಜೊತೆಗೆ ಒಂದು ಹೊತ್ತಿಗೆ ಎರಡು ಮೂರು ದೊಡ್ಡ ಚಮಚದಿಂದ ಶುರು ಮಾಡಿ, ದಿನಕ್ಕೆ ಎರಡು ಮೂರು ಸಲ. 250 ಮಿ.ಲೀ. ಬಟ್ಟಲು ಒಂದನ್ನು ಅಳತೆಗೆಂದೇ ಇಟ್ಟುಕೊಳ್ಳಿ. ಎಂಟೊಂಬತ್ತು ತಿಂಗಳಿಗೆ ಒಂದು ಹೊತ್ತಿಗೆ ಅದರ ಅರ್ಧ, ವರ್ಷ ದಾಟಿದ ಮೇಲೆ ಮುಕ್ಕಾಲಿನಿಂದ ಪೂರ್ತಿ. ಇದು ಮಗುವಿನ ಮುಂದಿಡುವ ಅಳತೆ, ಮುಗಿಸಲೇಬೇಕಾದ ಗುರಿಯೆಂದು ತಿಳಿಯಬೇಡಿ.

ನಮ್ಮಲ್ಲಿ ಮೊದಲ ಊಟ ಎಂದರೆ ರಾಗಿ ಸರಿ. ಒಳ್ಳೆಯ ಆಯ್ಕೆ: 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ, ಅಕ್ಕಿ ಗೋಧಿ ಅದರ ಹತ್ತಿರಕ್ಕೂ ಬರುವುದಿಲ್ಲ. ತಪ್ಪಾಗುವುದು ಮಾಡುವ ರೀತಿಯಲ್ಲಿ. ರಾಗಿಯನ್ನು ತೊಳೆದು 8–10 ಗಂಟೆ ನೆನೆಸಿ, ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿ ಒಂದರಿಂದ ಒಂದೂವರೆ ದಿನ ಇಡಬೇಕು. ನಡುವೆ ಎರಡು ಸಲ ನೀರು ಚಿಮುಕಿಸಿ. ಬಿಳಿ ಮೊಳಕೆ ಮೂಡಿದ ಮೇಲೆ ತೆಳ್ಳಗೆ ಹರಡಿ ಗರಿಗರಿಯಾಗಿ ಒಣಗಿಸಿ. ಅರೆಬರೆ ಒಣಗಿದ್ದನ್ನು ಡಬ್ಬಿಗೆ ತುಂಬಿದರೆ ಬೂಷ್ಟು ಬರುತ್ತದೆ, ಅದನ್ನು ಮಗುವಿಗೆ ಕೊಡಲೇಬಾರದು. ಆಮೇಲೆ ಸಣ್ಣ ಉರಿಯಲ್ಲಿ, ಕೈಗೆ ಬಿಸಿ ತಾಗಿ ಘಮ ಬರುವಷ್ಟು ಮಾತ್ರ ಬೆಚ್ಚಗೆ ಮಾಡಿ ಬೀಸಿಸಿ. ಇಲ್ಲಿ ಬಹಳ ಜನ ಕೆಂಪಗೆ ಹುರಿಯುತ್ತಾರೆ. ಮೊಳಕೆಯಲ್ಲಿ ಪಿಷ್ಟವನ್ನು ಒಡೆಯುವ ಕಿಣ್ವ ಇರುತ್ತದೆ, ಹೆಚ್ಚು ಹುರಿದರೆ ಅದು ಹಾಳು. ಆ ಕಿಣ್ವ ಉಳಿದಿದ್ದರೆ ರಾಗಿ ಸರಿ ಬೇಯುವಾಗ ಗಟ್ಟಿಯಾಗದೆ ಸಡಿಲವಾಗಿರುತ್ತದೆ, ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಿಡಿಯುತ್ತದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಮೊಳಕೆ ರಾಗಿ ಮತ್ತು ಹೆಸರುಕಾಳು ಸೇರಿಸಿದ ಶಿಶು ಆಹಾರದ ಮೇಲೆ 1980ರ ದಶಕದಲ್ಲೇ ಕೆಲಸ ಮಾಡಿದ್ದು ಇದೇ ಕಾರಣಕ್ಕೆ.

ಯಾಕೆ ಇಷ್ಟು ಮುಖ್ಯ ಎಂದರೆ, ಮಗುವಿನ ಹೊಟ್ಟೆ ಹಿಡಿಯುವುದು ಒಂದು ಕಿಲೊ ತೂಕಕ್ಕೆ ಸುಮಾರು 30 ಮಿ.ಲೀ. 8 ಕಿಲೊ ಮಗುವಿಗೆ 240 ಮಿ.ಲೀ. ಅಷ್ಟು ಜಾಗವನ್ನು ನೀರಾದ ಗಂಜಿಯಿಂದ ತುಂಬಿಸಿದರೆ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಚಮಚ ಓರೆ ಮಾಡಿ ನೋಡಿ. ಧಾರೆಯಾಗಿ ಸುರಿದರೆ ತೆಳುವಾಯಿತು. ಚಮಚದಲ್ಲೇ ನಿಂತು, ಮೆಲ್ಲಗೆ ಜಾರಿದರೆ ಸರಿಯಾಯಿತು. ಹಿಟ್ಟನ್ನು ತಣ್ಣೀರಲ್ಲಿ ಗಂಟಿಲ್ಲದೆ ಕದಡಿ, ಆರೇಳು ನಿಮಿಷ ಕೈಬಿಡದೆ ಕುದಿಸಿ, ಒಂದು ಚಮಚ ತುಪ್ಪ ಹಾಕಿ: 45 ಕ್ಯಾಲರಿ ಅಷ್ಟರಿಂದಲೇ ಸೇರಿತು. ಬರೀ ರಾಗಿ ಸಾಲದು, ಹೆಸರುಬೇಳೆ ಸೇರಲಿ. ವರ್ಷ ತುಂಬುವ ತನಕ ಉಪ್ಪು, ಸಕ್ಕರೆ, ಬೆಲ್ಲ ಬೇಡ. ಜೇನುತುಪ್ಪವಂತೂ ನಾಲಗೆಗೆ ಸವರುವಷ್ಟೂ ಬೇಡ, ಅದರಲ್ಲಿರಬಹುದಾದ ಬೊಟುಲಿಸಂ ರೋಗಾಣುವನ್ನು ಎಳೆಯ ಕರುಳು ತಡೆಯಲಾರದು. ಹಿಟ್ಟನ್ನು ಬಟ್ಟೆಯಲ್ಲಿ ವಸ್ತ್ರಗಾಲಿಸುವುದು ಮೊದಲ ಕೆಲವು ವಾರಕ್ಕೆ ಇರಲಿ. ಬಟ್ಟೆಯಲ್ಲಿ ಉಳಿಯುವ ತೌಡಿನಲ್ಲಿ ನಾರೂ ಖನಿಜವೂ ಹೋಗುತ್ತವೆ, ಎಂಟು ತಿಂಗಳ ಮೇಲೆ ಸಾಮಾನ್ಯ ಜರಡಿ ಸಾಕು.

ಇನ್ನು ಮಿಕ್ಸಿ. ಆರು ತಿಂಗಳಲ್ಲಿ ಮಿಕ್ಸಿಗೆ ಹಾಕಿದ ಅನ್ನ ಬೇಳೆ, ಎರಡು ವರ್ಷವಾದರೂ ಮಿಕ್ಸಿಯಿಂದ ಹೊರಗೆ ಬಂದಿರುವುದಿಲ್ಲ. ಮಗು ಒಂದು ಸಣ್ಣ ಗಂಟು ಸಿಕ್ಕರೂ ಓಕರಿಸುತ್ತದೆ, ಅಮ್ಮ ಹೆದರಿ ಮತ್ತೆ ನುಣ್ಣಗೆ ಮಾಡುತ್ತಾಳೆ. ನಾಲಗೆಯಿಂದ ಆಹಾರವನ್ನು ಪಕ್ಕಕ್ಕೆ ತಳ್ಳಿ ಒಸಡಿನಲ್ಲಿ ಜಗಿಯುವುದು ಕಲಿಕೆ. ಆ ಕಲಿಕೆಗೆ ಒಳ್ಳೆಯ ಕಾಲ ಒಂಬತ್ತು ಹತ್ತು ತಿಂಗಳೊಳಗೆ. ಏಳನೇ ತಿಂಗಳಿಗೆ ಮಿಕ್ಸಿ ಬಿಟ್ಟು ಕೈಯಲ್ಲಿ ಕಿವುಚಿ. ಎಂಟು ಒಂಬತ್ತಕ್ಕೆ ಬೆಂದ ಅನ್ನದ ಅಗುಳು ಹಾಗೇ ಇರಲಿ, ಬೆಂದ ಗೆಣಸು, ಕ್ಯಾರೆಟ್, ಇಡ್ಲಿಯ ಚೂರನ್ನು ಕೈಗೆ ಕೊಡಿ. ಬೆರಳಲ್ಲಿ ಒತ್ತಿದರೆ ಹಿಸುಕಿ ಹೋಗುವಷ್ಟು ಮೆತ್ತಗಿರಬೇಕು. ವರ್ಷಕ್ಕೆ ಮನೆಯ ಊಟವೇ, ಖಾರ ಕಡಿಮೆ ಮಾಡಿ. ಓಕರಿಕೆಯಲ್ಲಿ ಮಗು ಕೆಂಪಾಗಿ ಸದ್ದು ಮಾಡಿ ತುತ್ತನ್ನು ಮುಂದಕ್ಕೆ ತಳ್ಳುತ್ತದೆ. ಅದು ರಕ್ಷಣೆ, ಕಾಯಿರಿ. ಸದ್ದೇ ಇಲ್ಲದೆ ತುಟಿ ನೀಲಿಯಾದರೆ ಉಸಿರು ಕಟ್ಟಿದೆ ಎಂದರ್ಥ, ತಕ್ಷಣ ತಲೆ ತಗ್ಗಿಸಿ ಮಲಗಿಸಿಕೊಂಡು ಬೆನ್ನಿಗೆ ತಟ್ಟಬೇಕು, ಜೊತೆಗೇ ಸಹಾಯಕ್ಕೆ ಕೂಗಬೇಕು. ಇಡೀ ಕಡಲೆಕಾಯಿ ಬೀಜ, ಹುರಿಗಡಲೆ, ಪಾಪ್‌ಕಾರ್ನ್, ಹಸಿ ಕ್ಯಾರೆಟ್, ಇಡೀ ದ್ರಾಕ್ಷಿ ಐದು ವರ್ಷದ ತನಕ ಬೇಡ. ಕಡಲೆಕಾಯಿಯನ್ನು ನುಣ್ಣಗೆ ಪುಡಿ ಮಾಡಿ ಸರಿಗೆ ಬೆರೆಸಿ, ಮೊಟ್ಟೆಯನ್ನೂ ಆರು ತಿಂಗಳ ಮೇಲೆ ಚೆನ್ನಾಗಿ ಬೇಯಿಸಿ ಕೊಡಬಹುದು.

ಸೊಪ್ಪು ತಿನ್ನದ ಮಗು

ಎರಡರಿಂದ ಆರು ವರ್ಷದ ಮಕ್ಕಳು ಹೊಸದನ್ನು, ಅದರಲ್ಲೂ ಹಸಿರು ಬಣ್ಣದ್ದನ್ನು ಅನುಮಾನಿಸುವುದು ಸಹಜ. ಒಂದು ಪದಾರ್ಥವನ್ನು ಒಪ್ಪಿಕೊಳ್ಳುವ ಮುಂಚೆ ಎಂಟರಿಂದ ಹದಿನೈದು ಸಲ ರುಚಿ ನೋಡಬೇಕಾಗಬಹುದು. ಮೂರನೇ ಸಲಕ್ಕೆ "ಅವನಿಗೆ ಸೊಪ್ಪು ಆಗಲ್ಲ" ಎಂದು ಮುದ್ರೆ ಒತ್ತಿಬಿಡುತ್ತೇವೆ, ಆ ಮಾತು ಮಗುವಿನ ಕಿವಿಗೂ ಬೀಳುತ್ತದೆ.

ಹೀಗೆ ಮಾಡಿ ನೋಡಿ. ಮಗುವಿಗೆ ಇಷ್ಟವಾದ ಒಂದು ಪದಾರ್ಥ, ಮೊಸರನ್ನವೋ ಚಪಾತಿಯೋ, ತಟ್ಟೆಯಲ್ಲಿ ಇದ್ದೇ ಇರಲಿ. ಪಕ್ಕದಲ್ಲಿ ಒಂದು ಟೀ ಚಮಚ ದಂಟಿನ ಸೊಪ್ಪಿನ ಪಲ್ಯ. ಒಂದೇ ಚಮಚ, ಗುಡ್ಡೆ ಹಾಕಿದರೆ ನೋಡಿಯೇ ಹೆದರುತ್ತದೆ. ಏನೂ ಹೇಳಬೇಡಿ. ಮಗು ಮುಟ್ಟಿದರೂ, ಮೂಸಿದರೂ, ನೆಕ್ಕಿ ಉಗಿದರೂ ಅದು ಲೆಕ್ಕಕ್ಕೆ ಬರುತ್ತದೆ. ಎರಡು ಮೂರು ದಿನ ಬಿಟ್ಟು ಮತ್ತೆ. ಮಸ್ಸೊಪ್ಪಿನಿಂದ ಆರಂಭಿಸುವುದು ಸುಲಭ, ಬೇಳೆ ಜೊತೆ ಮಸೆದ ಸೊಪ್ಪಿನ ನಾರು ಬಾಯಿಗೆ ಸಿಗುವುದಿಲ್ಲ, ಮುದ್ದೆಯ ತುತ್ತು ಜಾರಿಕೊಂಡು ಹೋಗುತ್ತದೆ. ಬಸ್ಸಾರು ಮಾಡುವ ಮನೆಯಲ್ಲಿ ಒಂದೇ ಅಡುಗೆಯಲ್ಲಿ ಸಾರೂ ಪಲ್ಯವೂ ಎರಡೂ ಸಿಗುತ್ತವೆ, ಮಗುವಿಗೆ ಮೊದಲು ಸಾರಿನ ರುಚಿ ಹತ್ತಲಿ. ಮೇಲೆ ನಿಂಬೆರಸ ನಾಲ್ಕು ಹನಿ ಹಿಂಡಿ, ವಿಟಮಿನ್ ಸಿ ಇದ್ದರೆ ಸೊಪ್ಪಿನ ಕಬ್ಬಿಣಾಂಶ ಹೆಚ್ಚು ಮೈಗೆ ಹತ್ತುತ್ತದೆ. ಊಟದ ಜೊತೆ ಟೀ ಕೊಟ್ಟರೆ ಇದಕ್ಕೆ ಉಲ್ಟಾ. ಚಿಕ್ಕ ಮಕ್ಕಳಿಗೆ ಟೀ, ಕಾಫಿ ಬೇಡವೇ ಬೇಡ. ಸೊಪ್ಪನ್ನು ಅರೆದು ಚಪಾತಿ ಹಿಟ್ಟಿನಲ್ಲಿ ಬಚ್ಚಿಡುವ ಉಪಾಯವೂ ಚಾಲ್ತಿಯಲ್ಲಿದೆ. ಅದರಿಂದ ಪೋಷಕಾಂಶ ಸಿಗುತ್ತದೆ, ಸೊಪ್ಪಿನ ಪರಿಚಯ ಆಗುವುದಿಲ್ಲ. ಬಿಡಿಸಲು ಒಂದು ಹಿಡಿ ಮೆಂತ್ಯ ಸೊಪ್ಪನ್ನು ಮಗುವಿನ ಮುಂದೆ ಹಾಕಿ. ಎಲೆ ಒಂದು ಕಡೆ, ಕಡ್ಡಿ ಒಂದು ಕಡೆ ಮಾಡಿದ ಮಗು ತನ್ನ ಸೊಪ್ಪನ್ನು ಬಾಯಿಗೆ ಹಾಕಿಕೊಂಡು ನೋಡುವ ಸಾಧ್ಯತೆ ಹೆಚ್ಚು.

ಶಾಲೆಯ ಡಬ್ಬಿಯ ಬಗ್ಗೆ ಎರಡು ಮಾತು. ತುಂಬಿದ ಡಬ್ಬಿ ಹಾಗೇ ವಾಪಸು ಬಂದರೆ ಮೊದಲು ಅದರ ಮುಚ್ಚಳವನ್ನು ಮಗುವಿನ ಕೈಲಿ ತೆಗೆಸಿ ನೋಡಿ. ಎಷ್ಟೋ ಸಲ ತೆಗೆಯಲು ಬರದೇ ಬಂದಿರುತ್ತದೆ. ಚಿಕ್ಕ ಬಿಡುವು ಹತ್ತು ಹದಿನೈದು ನಿಮಿಷ, ಅಷ್ಟರಲ್ಲಿ ಮುಗಿಯುವಂಥದ್ದು ಇರಲಿ. ಚಪಾತಿಗೆ ತುಪ್ಪ ಸವರಿ, ಪಲ್ಯ ಇಟ್ಟು ಸುತ್ತಿ, ಎರಡು ತುಂಡು ಮಾಡಿ. ಮೊಸರನ್ನಕ್ಕೆ ಬೆಳಿಗ್ಗೆ ಹಾಲು ಹೆಚ್ಚು, ಮೊಸರು ಒಂದೇ ಚಮಚ ಹಾಕಿ ಕಲಸಿದರೆ ಮಧ್ಯಾಹ್ನಕ್ಕೆ ಹದವಾಗಿ ಹೆಪ್ಪಾಗಿರುತ್ತದೆ, ಹುಳಿ ಬರುವುದಿಲ್ಲ. ಕತ್ತರಿಸಿದ ಸೇಬನ್ನು ಉಪ್ಪುನೀರಿನಲ್ಲಿ ಅದ್ದಿ ತೆಗೆದರೆ ಕಪ್ಪಾಗದು. ಸರ್ಕಾರಿ ಶಾಲೆಯ ಮಕ್ಕಳಿಗೆ ಬಿಸಿಯೂಟದ ಜೊತೆ ಮೊಟ್ಟೆ ಸಿಗುತ್ತದೆ, ಹಾಲು ಸಿಗುತ್ತದೆ. ಮನೆಯಲ್ಲಿ ಅದನ್ನು ಹಗುರವಾಗಿ ಆಡಿಕೊಳ್ಳಬೇಡಿ.

ಅಂಗಡಿಯ ಪ್ಯಾಕೆಟ್ ಕೊಳ್ಳುವಾಗ ಮುಂದಿನ ಚಿತ್ರ ಬಿಟ್ಟು ಹಿಂದಿನ ಪಟ್ಟಿ ಓದಿ. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಲೇಬೇಕೆಂಬ ನಿಯಮವಿದೆ. ರಾಗಿ ಬಿಸ್ಕತ್ತಿನಲ್ಲಿ ಮೈದಾ ಮೊದಲು, ಸಕ್ಕರೆ ಎರಡನೆಯದು, ರಾಗಿ ನಾಲ್ಕನೆಯದಾಗಿದ್ದರೆ ಅದು ಯಾವ ಬಿಸ್ಕತ್ತು ಎಂದು ನೀವೇ ತಿಳಿಯಬಹುದು. ಹಾಲಿಗೆ ಬೆರೆಸುವ ಪುಡಿಗಳನ್ನು 'ಹೆಲ್ತ್ ಡ್ರಿಂಕ್' ಎಂಬ ವಿಭಾಗದಲ್ಲಿ ಇಡಬೇಡಿ ಎಂದು 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಆನ್‌ಲೈನ್ ಮಳಿಗೆಗಳಿಗೆ ಹೇಳಿತು. ಕೊಬ್ಬು, ಸಕ್ಕರೆ, ಉಪ್ಪು ಹೆಚ್ಚಿರುವ ತಿನಿಸನ್ನು ಶಾಲೆಯೊಳಗೂ ಗೇಟಿನಿಂದ 50 ಮೀಟರ್ ಒಳಗೂ ಮಾರಬಾರದು ಎಂಬ ನಿಯಮ 2020ರಿಂದ ಇದೆ. ಶಾಲೆಯ ಸಭೆಯಲ್ಲಿ ಕೇಳುವ ಹಕ್ಕು ಪೋಷಕರಿಗಿದೆ. ಹಾಗೆಂದು ಮನೆಯಲ್ಲಿಟ್ಟುಕೊಂಡು "ಮುಟ್ಟಬೇಡ" ಎನ್ನುವುದೂ ಕೆಲಸ ಮಾಡದು, ಆಸೆ ಇನ್ನೂ ಕೆರಳುತ್ತದೆ. ಹಬ್ಬದ ದಿನದ ಒಬ್ಬಟ್ಟನ್ನು ಎಲೆಯ ಮೇಲೆ ಕೋಸಂಬರಿ, ಪಲ್ಯದ ಜೊತೆಗೇ ಬಡಿಸಿ. ಅದಕ್ಕೆ ಷರತ್ತು ಹಾಕಬೇಡಿ.

ಕಾಯುತ್ತ ಕೂರಬಾರದ ಸಂದರ್ಭಗಳೂ ಇವೆ. ತಾಯಿ ಕಾರ್ಡಿನಲ್ಲಿ ತೂಕದ ಗೆರೆ ಎರಡು ಮೂರು ತಿಂಗಳು ಮಲಗಿದ್ದರೆ ಅಥವಾ ಇಳಿದಿದ್ದರೆ, ಅಂಗನವಾಡಿಯ ಅಳತೆ ಪಟ್ಟಿಯಲ್ಲಿ ತೋಳಿನ ಸುತ್ತಳತೆ 12.5 ಸೆಂ.ಮೀ.ಗಿಂತ ಕಡಿಮೆ ಬಂದರೆ (11.5ಕ್ಕಿಂತ ಕೆಳಗೆ ಹೋದರೆ ತುರ್ತು), ನುಂಗುವಾಗಲೆಲ್ಲ ಕೆಮ್ಮಿದರೆ, ಪದೇಪದೇ ವಾಂತಿಯಾದರೆ, ತಿನ್ನುವ ಪದಾರ್ಥಗಳು ಹತ್ತನ್ನೂ ದಾಟದೆ ಇನ್ನೂ ಕಡಿಮೆಯಾಗುತ್ತಿದ್ದರೆ ಮಕ್ಕಳ ವೈದ್ಯರನ್ನು ಕಾಣಿ. ಗೆರೆ ಏರುತ್ತಲೇ ಇದ್ದರೆ ಮಗು ತೆಳ್ಳಗಿದ್ದರೂ ಅದು ತನಗೆ ಬೇಕಾದಷ್ಟು ತಿನ್ನುತ್ತಿದೆ.

ಇಷ್ಟೆಲ್ಲ ತಿಳಿದ ಮೇಲೂ ಕಷ್ಟವಾಗುವುದು ಮನೆಯವರನ್ನು ಒಪ್ಪಿಸುವುದು. ಅತ್ತೆಯವರಿಗೆ ಪುಸ್ತಕದ ಮಾತು ಹೇಳಿದರೆ ನೊಂದುಕೊಳ್ಳುತ್ತಾರೆ. "ಅತ್ತೆ, ಕೈತುತ್ತು ನೀವೇ ಹಾಕಿ, ಸಾಕು ಅಂದ ಮೇಲೆ ಮಾತ್ರ ಬಿಟ್ಟುಬಿಡಿ, ಒಂದು ತಿಂಗಳು ನೋಡೋಣ, ಒಂದನೇ ತಾರೀಕು ತೂಕ ಹಾಕಿಸೋಣ" ಎಂದರೆ ಒಪ್ಪಿಕೊಳ್ಳುವವರೇ ಹೆಚ್ಚು. ಆ ಒಂದು ತಿಂಗಳಲ್ಲಿ ಮಗುವಿಗೂ ಹೇಳಿಕೊಡಬೇಕಾದ ಒಂದು ಮಾತಿದೆ. ಮಾತು ಬರದ ಮಗು ತಲೆ ತಿರುಗಿಸಿ, ಚಮಚ ತಳ್ಳಿ, ತುಟಿ ಬಿಗಿದು ಹೇಳುವುದನ್ನೇ ನಾವು ಮಾತಿನಲ್ಲಿ ಹೇಳಿ ತೋರಿಸಬೇಕು. ಅದು ಮುಖ ತಿರುಗಿಸಿದ ಕೂಡಲೇ ಚಮಚ ಕೆಳಗಿಟ್ಟು, ಇನ್ನೂ ತಟ್ಟೆಯಲ್ಲಿ ನಾಲ್ಕು ತುತ್ತು ಉಳಿದಿದ್ದರೂ,

"ಸಾಕಾ ಪುಟ್ಟಾ? ಸರಿ, ಬಾ, ಕೈ ತೊಳ್ಕೊಳೋಣ."